ರಿಪೋರ್ಟಿನಲ್ಲಿ ‘ಡೋಡರ್‌ಲೈನ್ ಬ್ಯಾಸಿಲೈ’ ಎಂದಿದ್ದರೆ ಹೆದರಬೇಕಾ? ಆ ಹೆಸರಿನ ಹಿಂದಿನ ಡಾಕ್ಟರ್ ಕಥೆ, ಗರ್ಭಕೋಶದ ಆಪರೇಷನ್ ಮಾಡಿಸುವವರು ತಿಳಿಯಬೇಕಾದ ವಿಷಯ

ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾಡಿಸಿಕೊಂಡ ಎಷ್ಟೋ ಹೆಂಗಸರ ರಿಪೋರ್ಟಿನಲ್ಲಿ ಒಂದು ವಿಚಿತ್ರ ಹೆಸರು ಇರುತ್ತದೆ: ಡೋಡರ್‌ಲೈನ್ ಬ್ಯಾಸಿಲೈ. ಕೆಲವರು ಇದನ್ನು ಡೋಡರ್ಲೀನ್ ಎಂದೂ ಓದುತ್ತಾರೆ. ಬ್ಯಾಸಿಲೈ ಎಂದರೆ ಬ್ಯಾಕ್ಟೀರಿಯಾ ಎಂದು ಗೊತ್ತಾದ ಕೂಡಲೇ ಗಾಬರಿ ಶುರು. ಇನ್‌ಫೆಕ್ಷನ್ ಆಗಿದೆಯಾ? ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಾ? ಒಳಗೆಲ್ಲ ತೊಳೆದುಕೊಳ್ಳಬೇಕಾ?

ಅಷ್ಟರಲ್ಲಿ ಗ್ರೂಪಿನಲ್ಲಿ ಫಾರ್ವರ್ಡ್‌ಗಳೂ ಬಂದಿರುತ್ತವೆ. ದಿನಾ ಆ್ಯಂಟಿಸೆಪ್ಟಿಕ್ ಬೆರೆಸಿದ ನೀರಿನಿಂದ ಒಳಭಾಗ ತೊಳೆಯಿರಿ, ಬೆಳ್ಳುಳ್ಳಿ ಎಸಳು ಇಡಿ, ಮೊಸರು ಹಚ್ಚಿ, ನಿಂಬೆರಸ ಹಾಕಿ, ಗರ್ಭಕೋಶದ ಆಪರೇಷನ್‌ಗೆ ಮುನ್ನ ಹೀಗೆ ಮಾಡಿದರೆ ನಂಜಾಗುವುದಿಲ್ಲ ಅಂತೆಲ್ಲ.

ಮೊದಲು ಮೊದಲನೆಯ ಪ್ರಶ್ನೆಗೆ ಉತ್ತರ. ಆ ಹೆಸರು ರಿಪೋರ್ಟಿನಲ್ಲಿ ಇದ್ದರೆ ಅದು ಕಾಯಿಲೆ ಅಲ್ಲ. ಅದು ಇರಬೇಕಾದ ಬ್ಯಾಕ್ಟೀರಿಯಾ. ಎಷ್ಟೋ ಸಲ ತೊಂದರೆ ಇರುವುದು ಅದು ಕಾಣೆಯಾದಾಗ. ಇದನ್ನು ಮೊದಲು ಗುರುತಿಸಿದವರು ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್‌ಲೈನ್. ಹೆಸರು ಜಗತ್ತಿನ ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ಗೊತ್ತು, ಮನುಷ್ಯ ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಆಸ್ಪತ್ರೆ ಎಂದರೆ ಸಾವು ಎಂಬ ಕಾಲ

ಡೋಡರ್‌ಲೈನ್ ಹುಟ್ಟಿದ್ದು 1860ರ ಜುಲೈ 5ರಂದು, ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ. ಆ ಕಾಲದಲ್ಲಿ ಯುರೋಪಿನ ದೊಡ್ಡ ಊರುಗಳ ಹೆರಿಗೆ ಆಸ್ಪತ್ರೆ ಎಂದರೆ ಬಡ ಹೆಂಗಸರಿಗೂ ಭಯ. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆತ್ತವರು ಉಳಿಯುತ್ತಿದ್ದರು, ದೊಡ್ಡ ಡಾಕ್ಟರುಗಳಿದ್ದ ಆಸ್ಪತ್ರೆಗೆ ಹೋದವರು ಬಾಣಂತಿ ಜ್ವರ ಬಂದು ವಾರದೊಳಗೆ ಸಾಯುತ್ತಿದ್ದರು.

ಇದರ ಕಾರಣವನ್ನು ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲೇ ಹಿಡಿದಿದ್ದರು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದುದೇ ಕಾರಣ ಎಂದು ಅವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಅವರ ವಾರ್ಡಿನಲ್ಲಿ 1846ರಲ್ಲಿ 100 ಬಾಣಂತಿಯರಲ್ಲಿ 11ಕ್ಕೂ ಹೆಚ್ಚು ಮಂದಿ ಸತ್ತಿದ್ದರೆ, 1848ರಲ್ಲಿ ಆ ಸಂಖ್ಯೆ 1ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ಪ್ರೊಫೆಸರುಗಳು ಅದನ್ನು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡಾಗ ಡೋಡರ್‌ಲೈನ್‌ಗೆ 5 ವರ್ಷ.

ಹುಡುಗ ಬೆಳೆದು ಡಾಕ್ಟರಾಗುವ ಹೊತ್ತಿಗೆ ಎಲ್ಲ ಬದಲಾಗಿತ್ತು. 1879ರಲ್ಲಿ ಪಾಶ್ಚರ್ ಬಾಣಂತಿ ಜ್ವರ ಬಂದವರ ದೇಹದಲ್ಲಿ ಮಣಿಸರದಂತೆ ಕಾಣುವ ರೋಗಾಣುವನ್ನು ತೋರಿಸಿದ್ದರು. ಈಗ ನಾವು ಸ್ಟ್ರೆಪ್ಟೊಕಾಕಸ್ ಎನ್ನುವುದು ಅದನ್ನೇ. ರೋಗಾಣುಗಳನ್ನು ಗಟ್ಟಿ ಮಾಧ್ಯಮದ ಮೇಲೆ ಬೇರೆಬೇರೆಯಾಗಿ ಬೆಳೆಸುವ ವಿಧಾನವನ್ನು ರಾಬರ್ಟ್ ಕಾಖ್ ಕಲಿಸಿಕೊಟ್ಟಿದ್ದರು. 1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬ ಡಾಕ್ಟರ್ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಎರಡು ಗುಂಪಾಗಿ ವಿಂಗಡಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಡೋಡರ್‌ಲೈನ್ ಎರ್ಲಾಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದೂ ಅದೇ ವರ್ಷ. ಅಂದರೆ ಅವರ ಕೈಗೆ ಬೇಕಾದ ಉಪಕರಣಗಳೆಲ್ಲ ಸರಿಯಾದ ಹೊತ್ತಿಗೆ ಸಿದ್ಧವಾಗಿದ್ದವು. ಸೆಮ್ಮೆಲ್‌ವೈಸ್‌ಗೆ ಇಲ್ಲದ ಅದೃಷ್ಟ ಇದು.

ತಪ್ಪು ಯಾರದು? ಡಾಕ್ಟರದೋ, ಬಾಣಂತಿಯದೋ?

1887ರಲ್ಲಿ ಪೌಲ್ ಜ್ವೈಫೆಲ್ ಎಂಬ ಪ್ರೊಫೆಸರ್ ಎರ್ಲಾಂಗೆನ್ ಬಿಟ್ಟು ಲೈಪ್‌ಜಿಗ್‌ನ ಹೆರಿಗೆ ಆಸ್ಪತ್ರೆಯ ಮುಖ್ಯಸ್ಥರಾದರು. ಡೋಡರ್‌ಲೈನ್ ಅವರ ಕೈಕೆಳಗೆ ಲೈಪ್‌ಜಿಗ್‌ನಲ್ಲಿ ಕೆಲಸಕ್ಕೆ ನಿಂತರು. ಹುಟ್ಟಿದ ಮಗುವಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕುರುಡುತನ ತಪ್ಪಿಸಿದ ಕಾರ್ಲ್ ಕ್ರೆಡೆ ಇದೇ ಆಸ್ಪತ್ರೆಯವರು. ಆ ಜಾಗಕ್ಕೆ ಒಂದು ಪರಂಪರೆ ಇತ್ತು.

ಆಗ ಡಾಕ್ಟರುಗಳ ನಡುವೆ ಒಂದು ದೊಡ್ಡ ಜಗಳ ನಡೆಯುತ್ತಿತ್ತು. ಕೈ ತೊಳೆಯುವುದನ್ನು ಎಲ್ಲರೂ ಒಪ್ಪಿದ್ದಾಯಿತು. ಸಾವು ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಚೆನ್ನಾಗಿ ಕೈ ತೊಳೆದ ಡಾಕ್ಟರ್ ಮುಟ್ಟಿದವರಿಗೂ ಕೆಲವೊಮ್ಮೆ ಜ್ವರ ಬರುತ್ತಿತ್ತು. ಹಾಗಾದರೆ ರೋಗಾಣು ಬಂದದ್ದೆಲ್ಲಿಂದ? ಒಂದು ಗುಂಪು ಹೇಳಿತು: ಅದು ಆ ಹೆಂಗಸಿನ ಯೋನಿಯಲ್ಲೇ ಮೊದಲಿನಿಂದ ಇತ್ತು, ಅವಳಿಂದಲೇ ಅವಳಿಗೆ ನಂಜಾಯಿತು. ಇನ್ನೊಂದು ಗುಂಪು ಹೇಳಿತು: ಇದು ಡಾಕ್ಟರುಗಳು ತಪ್ಪಿಸಿಕೊಳ್ಳಲು ಕಟ್ಟಿದ ಕಥೆ.

ಇದು ಬರೀ ಪುಸ್ತಕದ ಚರ್ಚೆ ಆಗಿರಲಿಲ್ಲ. ಮೊದಲನೆಯ ಗುಂಪು ಸರಿ ಎಂದಾದರೆ ಪ್ರತಿಯೊಬ್ಬ ಗರ್ಭಿಣಿಗೂ ಹೆರಿಗೆಗೆ ಮುನ್ನ ಕಟು ಔಷಧಿಯಿಂದ ಒಳಭಾಗ ತೊಳೆಯಬೇಕು. ಆಗ ಬಳಕೆಯಲ್ಲಿದ್ದದ್ದು ಪಾದರಸದ ಲವಣ, ಕಾರ್ಬಾಲಿಕ್ ಆಸಿಡ್, ಲೈಸಾಲ್‌ನಂಥವು. ಪಾದರಸ ವಿಷ, ಅದು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಎರಡನೆಯ ಗುಂಪು ಸರಿ ಎಂದಾದರೆ ಈ ತೊಳೆಯುವಿಕೆಯೆಲ್ಲ ಸುಮ್ಮನೆ ಹಿಂಸೆ. ಉತ್ತರ ಸಿಗಬೇಕಾದರೆ ಯಾರಾದರೂ ಮೊದಲು ಒಂದು ಸರಳ ಕೆಲಸ ಮಾಡಬೇಕಿತ್ತು: ಆರೋಗ್ಯವಂತ ಹೆಂಗಸಿನ ಯೋನಿಯಲ್ಲಿ ನಿಜವಾಗಿ ಏನಿದೆ ಎಂದು ನೋಡುವುದು.

ಡೋಡರ್‌ಲೈನ್ ಅದನ್ನು ಮಾಡಿದರು.

1892: ಹುಳಿಯೇ ಕಾವಲುಗಾರ

ಅವರು ಗರ್ಭಿಣಿಯರ ಯೋನಿ ಸ್ರಾವದ ಮಾದರಿ ತೆಗೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು, ಅದರಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರು, ಸ್ರಾವ ಹುಳಿಯೋ ಅಲ್ಲವೋ ಎಂದು ಪರೀಕ್ಷಿಸಿದರು. 1892ರಲ್ಲಿ ಇದನ್ನೆಲ್ಲ ಒಂದು ಪುಸ್ತಕವಾಗಿ ಪ್ರಕಟಿಸಿದರು. ಪುಸ್ತಕದ ವಿಷಯ ಯೋನಿ ಸ್ರಾವಕ್ಕೂ ಬಾಣಂತಿ ಜ್ವರಕ್ಕೂ ಇರುವ ಸಂಬಂಧ. ಆಗ ಅವರಿಗೆ 32 ವರ್ಷ.

ಅವರು ಕಂಡದ್ದು ಎರಡು ಬಗೆ. ಕೆಲವರಲ್ಲಿ ಸ್ರಾವ ಚೆನ್ನಾಗಿ ಹುಳಿ ಇತ್ತು, ಬೆಳ್ಳಗೆ ಮೊಸರಿನ ಹಾಗೆ ಇತ್ತು, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಣ್ಣ ಕಡ್ಡಿಗಳಂಥ ಒಂದೇ ಜಾತಿಯ ಬ್ಯಾಕ್ಟೀರಿಯಾ ತುಂಬಿತ್ತು. ಇನ್ನು ಕೆಲವರಲ್ಲಿ ಹುಳಿ ಕಡಿಮೆ, ಸ್ರಾವದ ಬಣ್ಣ ಬೇರೆ, ಕಡ್ಡಿಗಳ ಬದಲು ನಾನಾ ಬಗೆಯ ಬ್ಯಾಕ್ಟೀರಿಯಾಗಳ ಸಂತೆ. ಮೊದಲನೆಯದನ್ನು ಅವರು ಸಹಜ ಎಂದರು, ಎರಡನೆಯದನ್ನು ಅಸಹಜ ಎಂದರು.

ಆಮೇಲೆ ಮುಖ್ಯವಾದ ಪ್ರಯೋಗ. ಆ ಕಡ್ಡಿ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿದಾಗ ಅದು ಲ್ಯಾಕ್ಟಿಕ್ ಆಸಿಡ್ ತಯಾರಿಸುತ್ತಿತ್ತು. ಗಾಯದಲ್ಲಿ ಕೀವು ತುಂಬಿಸುವ ಸ್ಟೆಫಿಲೊಕಾಕಸ್ ಅದರ ಜೊತೆ ಬೆಳೆಯಲಾರದೆ ಸೋಲುತ್ತಿತ್ತು. ಬ್ಯಾಕ್ಟೀರಿಯಾ ಎಂದರೆ ಶತ್ರು ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, ದೇಹದಲ್ಲಿ ಕಾವಲು ಕಾಯುವ ಬ್ಯಾಕ್ಟೀರಿಯಾವೂ ಇದೆ ಎಂದು ಹೀಗೆ ಪ್ರಯೋಗ ಮಾಡಿ ತೋರಿಸಿದ್ದು ಸಣ್ಣ ಮಾತಲ್ಲ.

ನಮ್ಮ ಅಡುಗೆಮನೆಯವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಹಾಲು ಒಂದೇ ದಿನಕ್ಕೆ ಕೆಡುತ್ತದೆ, ಹೆಪ್ಪು ಹಾಕಿದರೆ ಮೊಸರಾಗಿ ಇನ್ನೂ ಕೆಲವು ದಿನ ಉಳಿಯುತ್ತದೆ. ಕಾರಣ ಹುಳಿ. ಯೋನಿಯಲ್ಲೂ ಅದೇ ನಡೆಯುತ್ತದೆ. ಈಸ್ಟ್ರೋಜೆನ್ ಹಾರ್ಮೋನ್ ಇರುವಾಗ ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟ ಸೇರುತ್ತದೆ. ಅದು ಒಡೆದಾಗ ಸಿಗುವ ಸಕ್ಕರೆಯನ್ನು ಈ ಬ್ಯಾಕ್ಟೀರಿಯಾ ಬಳಸಿ ಲ್ಯಾಕ್ಟಿಕ್ ಆಸಿಡ್ ಬಿಡುತ್ತದೆ. ಪಿಎಚ್ 4.5ಕ್ಕಿಂತ ಕೆಳಗೆ ನಿಲ್ಲುತ್ತದೆ, ಬೇರೆ ರೋಗಾಣುಗಳಿಗೆ ಅಲ್ಲಿ ಬದುಕುವುದು ಕಷ್ಟ. ಹಾರ್ಮೋನಿನ ಪಾತ್ರ ಡೋಡರ್‌ಲೈನ್‌ಗೆ ಗೊತ್ತಿರಲಿಲ್ಲ, ಈಸ್ಟ್ರೋಜೆನ್ ಅನ್ನು ಬೇರ್ಪಡಿಸಿದ್ದೇ 1929ರಲ್ಲಿ. ಮುಟ್ಟು ನಿಂತ ಮೇಲೆ ಈ ಬ್ಯಾಕ್ಟೀರಿಯಾ ಕಡಿಮೆಯಾಗುವುದು ಇದೇ ಕಾರಣಕ್ಕೆ, ಆ ವಯಸ್ಸಿನಲ್ಲಿ ಅದು ಕಾಣಲಿಲ್ಲ ಎಂದರೆ ರೋಗ ಎಂದೇ ಅರ್ಥವಲ್ಲ.

ಒಂದು ಸ್ಪಷ್ಟನೆ ಇಲ್ಲೇ ಕೊಟ್ಟುಬಿಡಬೇಕು, ಇಲ್ಲದಿದ್ದರೆ ಈ ಪ್ಯಾರಾ ಮಾತ್ರ ಕತ್ತರಿಸಿ ಫಾರ್ವರ್ಡ್ ಆಗುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಮತ್ತು ಯೋನಿಯ ಬ್ಯಾಕ್ಟೀರಿಯಾ ನೆಂಟರು, ಆದರೆ ಒಂದೇ ಅಲ್ಲ. ಮೊಸರಿನ ಜಾತಿಗಳು ಅಲ್ಲಿ ನೆಲೆಯೂರುವುದಿಲ್ಲ. ಮೊಸರು ತಿನ್ನಲಿಕ್ಕೆ ಒಳ್ಳೆಯದು, ಅಲ್ಲಿ ಹಚ್ಚಲಿಕ್ಕಲ್ಲ. ಬೆಳ್ಳುಳ್ಳಿ, ನಿಂಬೆರಸ ಹಾಕಿದರೆ ಒಳಪದರ ಸುಟ್ಟಂತಾಗಿ ಹುಣ್ಣಾಗುತ್ತದೆ, ಅಷ್ಟೇ.

ಎದುರಾಳಿಯೇ ಜೊತೆಗಾರನಾದದ್ದು

ಡೋಡರ್‌ಲೈನ್ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಸಹಜ ಸ್ರಾವ ಇರುವವರಿಗೆ ತೊಳೆಯುವ ಅಗತ್ಯವಿಲ್ಲ, ಅಸಹಜ ಇರುವವರಿಗೆ ಹೆರಿಗೆಗೆ ಮುನ್ನ ಔಷಧಿಯಿಂದ ತೊಳೆಯಬೇಕು ಎಂಬುದು ಅವರ ವಾದವಾಗಿತ್ತು. ಇದನ್ನು ವಿರೋಧಿಸಿದವರು ಹೊರಗಿನವರಲ್ಲ. ಲೈಪ್‌ಜಿಗ್‌ನ ಅದೇ ಆಸ್ಪತ್ರೆಯಲ್ಲಿದ್ದ, ಅದೇ ಜ್ವೈಫೆಲ್ ಶಿಷ್ಯ, ಮೂರು ವರ್ಷ ಕಿರಿಯ ಬರ್ನ್‌ಹಾರ್ಡ್ ಕ್ರೋನಿಗ್.

ಕ್ರೋನಿಗ್ ಹೇಳಿದ್ದು ಇಷ್ಟು: ಸ್ರಾವ ಹೇಗೇ ಇರಲಿ, ಗರ್ಭಿಣಿಯ ಯೋನಿ ಹೊರಗಿನಿಂದ ಬಂದ ರೋಗಾಣುಗಳನ್ನು ತಾನೇ ಹೊರಹಾಕುತ್ತದೆ. ಅಷ್ಟಕ್ಕೇ ನಿಲ್ಲದೆ, ಔಷಧಿ ನೀರಿನಿಂದ ತೊಳೆದವರಲ್ಲಿ ರೋಗಾಣುಗಳು ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ತೊಳೆಯದೆ ಬಿಟ್ಟವರಲ್ಲೇ ಬೇಗ ಹೋಗುತ್ತವೆ ಎಂದೂ ತೋರಿಸಿದರು. ಆ ಪ್ರಯೋಗಗಳಲ್ಲಿ ಗರ್ಭಿಣಿಯರ ಮೇಲೆಯೇ ರೋಗಾಣು ಹಾಕಿ ನೋಡಿದ್ದರು. ಇವತ್ತು ಯಾವ ನೈತಿಕ ಸಮಿತಿಯೂ ಅಂಥದ್ದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಆಸ್ಪತ್ರೆಗೆ ಬರುತ್ತಿದ್ದ ಬಡ ಹೆಂಗಸರನ್ನು ಯಾರೂ ಕೇಳುತ್ತಿರಲಿಲ್ಲ.

ಯಾರು ಗೆದ್ದರು? ತೊಳೆಯುವ ವಿಚಾರದಲ್ಲಿ ಕ್ರೋನಿಗ್ ಗೆದ್ದರು ಎನ್ನಬೇಕು. ಒಳಭಾಗವನ್ನು ಪದೇಪದೇ ತೊಳೆದರೆ ಕಾವಲು ಬ್ಯಾಕ್ಟೀರಿಯಾ ಕೊಚ್ಚಿಹೋಗುತ್ತದೆ ಎಂಬುದನ್ನು ಇವತ್ತಿನ ಸ್ತ್ರೀರೋಗ ತಜ್ಞರೂ ಹೇಳುತ್ತಾರೆ. ಆದರೆ ಅಸಹಜ ಸ್ರಾವ ಇರುವವರಿಗೆ ನಂಜಿನ ಅಪಾಯ ಹೆಚ್ಚು ಎಂಬ ಮಾತಿನಲ್ಲಿ ಡೋಡರ್‌ಲೈನ್ ಸರಿಯಾಗಿದ್ದರು. ಅದು ಗಟ್ಟಿಯಾಗಿ ಸಾಬೀತಾಗಲು ಸುಮಾರು 100 ವರ್ಷ ಹಿಡಿಯಿತು.

ಪಾಠ ಕಲಿಯದವರು ವ್ಯಾಪಾರಿಗಳು. ಇದೇ ಲೈಸಾಲ್ ಅನ್ನು ಅಮೆರಿಕದಲ್ಲಿ 1920ರ ದಶಕದಿಂದ ಮುಂದೆ ಹೆಂಗಸರ ಒಳಭಾಗ ತೊಳೆಯುವ ದ್ರವ ಎಂದು ಜಾಹೀರಾತು ಕೊಟ್ಟು ಮಾರಿದರು. ಗಂಡ ದೂರವಾಗದಿರಲು ಹೆಂಡತಿ ಹೀಗೆ ತೊಳೆದುಕೊಳ್ಳಬೇಕು ಎನ್ನುವ ಧಾಟಿಯ ಜಾಹೀರಾತುಗಳವು. ಇವತ್ತಿನ ಕೆಲವು ಇಂಟಿಮೇಟ್ ವಾಶ್ ಜಾಹೀರಾತುಗಳನ್ನು ನೋಡಿದರೆ ಬಾಟಲಿ ಮಾತ್ರ ಬದಲಾಗಿದೆ ಅನ್ನಿಸುತ್ತದೆ.

ಆಮೇಲೆ ನಡೆದದ್ದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಹೀಗೆ ಜಗಳವಾಡಿದ ಇಬ್ಬರೂ ಸೇರಿ 1905ರಲ್ಲಿ ಸ್ತ್ರೀರೋಗಗಳ ಆಪರೇಷನ್ ಬಗ್ಗೆ ಒಂದು ದೊಡ್ಡ ಪಠ್ಯಪುಸ್ತಕ ಬರೆದರು. ಅದು ಜರ್ಮನ್ ಡಾಕ್ಟರುಗಳು ಬಹಳ ಕಾಲ ಓದಿದ ಪುಸ್ತಕ. ಗ್ರೂಪಿನಲ್ಲಿ ಒಂದು ಫಾರ್ವರ್ಡ್ ತಪ್ಪು ಎಂದು ತೋರಿಸಿದರೆ ಗ್ರೂಪ್ ಬಿಟ್ಟು ಹೋಗುವ ನಮಗೆ ಇದು ವಿಚಿತ್ರ ಅನ್ನಿಸಬಹುದು.

ಗ್ಲೌಸ್, ರೇಡಿಯಂ, ಮ್ಯೂನಿಕ್

ಪುಸ್ತಕದ ಹೆಸರಿನ ಬಲದಿಂದ ಡೋಡರ್‌ಲೈನ್ ಬೇಗ ಮೇಲೇರಿದರು. 1897ರಲ್ಲಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್‌ನಲ್ಲಿ ಪ್ರೊಫೆಸರ್ ಆದರು, ಅದೇ ವರ್ಷ ಜರ್ಮನಿಯ ಟ್ಯೂಬಿಂಗೆನ್‌ಗೆ ಬಂದರು.

ಆಗ ಆಪರೇಷನ್ ಮಾಡುವಾಗ ಡಾಕ್ಟರುಗಳು ಗ್ಲೌಸ್ ಹಾಕಬೇಕೇ ಬೇಡವೇ ಎಂಬುದೇ ಚರ್ಚೆಯಾಗಿತ್ತು. ಅಮೆರಿಕದಲ್ಲಿ ಹಾಲ್‌ಸ್ಟೆಡ್ ಎಂಬ ಸರ್ಜನ್ ರಬ್ಬರ್ ಗ್ಲೌಸ್ ಮಾಡಿಸಿದ್ದು ರೋಗಿಗಾಗಿ ಅಲ್ಲ, ಔಷಧಿ ನೀರಿಗೆ ಕೈಚರ್ಮ ಕೆಟ್ಟುಹೋಗುತ್ತಿದ್ದ ನರ್ಸ್‌ಗಾಗಿ. ಯುರೋಪಿನಲ್ಲಿ ಕೆಲವರು ನೂಲಿನ ಗ್ಲೌಸ್ ಹಾಕುತ್ತಿದ್ದರು. ಬ್ಯಾಕ್ಟೀರಿಯಾ ಹುಡುಕುವ ಅಭ್ಯಾಸವಿದ್ದ ಡೋಡರ್‌ಲೈನ್ ಈ ಗ್ಲೌಸುಗಳನ್ನೂ ಪರೀಕ್ಷೆಗೆ ಒಡ್ಡಿದರು. ರಕ್ತ, ಬೆವರು ಹೀರಿ ಒದ್ದೆಯಾದ ನೂಲಿನ ಗ್ಲೌಸ್ ರೋಗಾಣು ಹಿಡಿದಿಡುವ ಚಿಂದಿಬಟ್ಟೆ ಆಗುತ್ತದೆ. ನೀರು ಒಳಗಿಳಿಯದ ರಬ್ಬರ್ ಗ್ಲೌಸ್‌ಗೆ ಆ ತೊಂದರೆ ಇಲ್ಲ. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ ರಬ್ಬರ್ ಗ್ಲೌಸ್ ತಂದವರಲ್ಲಿ ಅವರ ಹೆಸರನ್ನು ಹೇಳುತ್ತಾರೆ. ಹೀಗೆ ಡಾಕ್ಟರ ಕೈ ಮತ್ತು ಹೆಂಗಸಿನ ದೇಹ, ಜಗಳದ ಎರಡೂ ಕಡೆಗೆ ಅವರೇ ಕೆಲಸ ಮಾಡಿದಂತಾಯಿತು.

1907ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಅಲ್ಲಿಂದ ಮುಂದೆ ಅವರ ಗಮನ ಗರ್ಭಕಂಠದ ಕ್ಯಾನ್ಸರ್ ಕಡೆ ತಿರುಗಿತು. ಆಗಿನ ದೊಡ್ಡ ಆಪರೇಷನ್‌ನಲ್ಲೇ ಅನೇಕರು ಸಾಯುತ್ತಿದ್ದರು. 1913ರಲ್ಲಿ ಹಾಲೆಯಲ್ಲಿ ನಡೆದ ಜರ್ಮನ್ ಸ್ತ್ರೀರೋಗ ತಜ್ಞರ ಸಮ್ಮೇಳನದಲ್ಲಿ ಡೋಡರ್‌ಲೈನ್, ಕ್ರೋನಿಗ್ ಮತ್ತು ಬರ್ಲಿನ್ನಿನ ಬುಮ್ ತಾವು ವಿಕಿರಣ ಚಿಕಿತ್ಸೆಯಿಂದ ಕಂಡ ಫಲಿತಾಂಶಗಳನ್ನು ಮುಂದಿಟ್ಟರು. ಇವತ್ತಿಗೂ ಮುಂದುವರಿದ ಹಂತದ ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ ಮ್ಯೂನಿಕ್‌ನ ಮೈಸ್ಟ್ರಾಸೆ ಎಂಬ ಬೀದಿಯಲ್ಲಿ ಅವರ ಹೊಸ ಮಹಿಳಾ ಆಸ್ಪತ್ರೆ ತೆರೆಯಿತು. 1934ರಲ್ಲಿ ನಿವೃತ್ತರಾದರು. 1941ರ ಡಿಸೆಂಬರ್ 10ರಂದು, 81ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು. ಮಗ ಗುಸ್ತಾವ್ ಕೂಡ ಸ್ತ್ರೀರೋಗ ತಜ್ಞನೇ ಆಗಿದ್ದರು.

ಆಪರೇಷನ್‌ಗೂ ಇದಕ್ಕೂ ಏನು ಸಂಬಂಧ?

ಅವರ ಬ್ಯಾಕ್ಟೀರಿಯಾಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 1928ರಲ್ಲಿ. ಆಗ ಅದನ್ನು ಲ್ಯಾಕ್ಟೋಬ್ಯಾಸಿಲಸ್ ಆ್ಯಸಿಡೋಫಿಲಸ್ ಎಂದು ಗುರುತಿಸಿದರು. ಆಮೇಲೆ ಅದು ಒಂದೇ ಜಾತಿ ಅಲ್ಲ, ಕ್ರಿಸ್ಪಾಟಸ್, ಗ್ಯಾಸ್ಸೆರಿ, ಜೆನ್ಸೆನಿ, ಇನರ್ಸ್ ಎಂಬ ಹಲವು ಜಾತಿಗಳು ಎಂದು ತಿಳಿಯಿತು. ಡೋಡರ್‌ಲೈನ್ ಅಸಹಜ ಎಂದು ಕರೆದ ಸ್ಥಿತಿಯಲ್ಲಿ ಹೆಚ್ಚಿನದು ಇವತ್ತಿನ ಡಾಕ್ಟರುಗಳು ಬ್ಯಾಕ್ಟೀರಿಯಲ್ ವಜೈನೋಸಿಸ್ ಎನ್ನುವುದಕ್ಕೆ ಹೋಲುತ್ತದೆ. ತೆಳುವಾದ ಬೂದುಬಿಳಿ ಸ್ರಾವ, ಮೀನಿನಂಥ ವಾಸನೆ, ಪಿಎಚ್ 4.5ಕ್ಕಿಂತ ಹೆಚ್ಚು. ಆದರೆ ಇದಿರುವ ಎಷ್ಟೋ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. 1991ರಿಂದ ಲ್ಯಾಬುಗಳು ಬಳಸುವ ನ್ಯೂಜೆಂಟ್ ಸ್ಕೋರ್ ಎಂಬ ವಿಧಾನ ಇದೆ, 0ಯಿಂದ 10ರವರೆಗೆ ಅಂಕ, 7 ದಾಟಿದರೆ ಅಥವಾ 7 ಇದ್ದರೆ ವಜೈನೋಸಿಸ್. ಅದರಲ್ಲಿ ಮಾಡುವುದೂ ಅದೇ, ಗ್ರಾಮ್ ಬಣ್ಣ ಹಾಕಿ ಕಡ್ಡಿಗಳು ಎಷ್ಟಿವೆ ಎಂದು ನೋಡುವುದು.

ಈಗ ಆಪರೇಷನ್ ವಿಚಾರ. ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗರ್ಭಕೋಶವನ್ನು ಗರ್ಭಕಂಠದ ಸಮೇತ ತೆಗೆಯುವಾಗ ಯೋನಿಯ ಮೇಲ್ತುದಿಯನ್ನು ಕತ್ತರಿಸಿ, ಚೀಲದ ಬಾಯಿ ಹೊಲಿದ ಹಾಗೆ ಹೊಲಿಯುತ್ತಾರೆ. ಹೊಟ್ಟೆ ಕೊಯ್ದು ಮಾಡಿದರೂ ಅಷ್ಟೇ, ಲ್ಯಾಪ್ರೋಸ್ಕೋಪಿ ಆದರೂ ಅಷ್ಟೇ. ಅಂದರೆ ಹೊಟ್ಟೆಯ ಮೇಲಿನ ಚರ್ಮವನ್ನು ಎಷ್ಟೇ ಶುದ್ಧ ಮಾಡಿದರೂ, ಕೆಳಗಿನಿಂದ ಒಂದು ಬಾಗಿಲು ತೆರೆದಿರುತ್ತದೆ. ಅಲ್ಲಿ ಕಾವಲು ಬ್ಯಾಕ್ಟೀರಿಯಾ ಇಲ್ಲದೆ ಬೇರೆಯವು ತುಂಬಿದ್ದರೆ ಹೊಲಿಗೆಯ ಜಾಗದಲ್ಲಿ ನಂಜಾಗುವ, ಕೀವು ಕಟ್ಟುವ ಸಾಧ್ಯತೆ ಹೆಚ್ಚು. 1990ರ ಆಸುಪಾಸಿನಿಂದ ಅಮೆರಿಕ ಮತ್ತು ಸ್ವೀಡನ್‌ನ ಡಾಕ್ಟರುಗಳು ಇದನ್ನು ಅಧ್ಯಯನಗಳಲ್ಲಿ ಕಂಡರು.

1992ರಲ್ಲಿ ಸ್ವೀಡನ್‌ನಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಬಂದಿದ್ದ, ಬ್ಯಾಕ್ಟೀರಿಯಲ್ ವಜೈನೋಸಿಸ್ ಇದ್ದ 174 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟವರಲ್ಲಿ 100ಕ್ಕೆ ಸುಮಾರು 4 ಮಂದಿಗೆ ಮಾತ್ರ ಕಿಬ್ಬೊಟ್ಟೆಯ ಇನ್‌ಫೆಕ್ಷನ್ ಆಯಿತು. ಔಷಧಿ ಇಲ್ಲದ ಮಾತ್ರೆ ಕೊಟ್ಟವರಲ್ಲಿ 100ಕ್ಕೆ ಸುಮಾರು 12 ಮಂದಿಗೆ. 2002ರಲ್ಲಿ ಗರ್ಭಕೋಶದ ಆಪರೇಷನ್ ಆದವರ ಮೇಲೆ ನಡೆಸಿದ ಸ್ವೀಡನ್‌ನದೇ ಇನ್ನೊಂದು ಅಧ್ಯಯನದಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. ಹಾಗಾಗಿ ಅಮೆರಿಕದ ಸ್ತ್ರೀರೋಗ ತಜ್ಞರ ಸಂಘದ ಮಾರ್ಗಸೂಚಿ, ಗರ್ಭಕೋಶದ ಆಪರೇಷನ್ ನಿಗದಿ ಮಾಡುವಾಗ ಈ ಪರೀಕ್ಷೆ ಮಾಡಿಸುವುದನ್ನು ಯೋಚಿಸಬಹುದು ಎನ್ನುತ್ತದೆ. ಎಲ್ಲರಿಗೂ ಕಡ್ಡಾಯ ಎಂದು ಹೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಅಮ್ಮನಿಗೋ ಅತ್ತಿಗೆಗೋ ಆಪರೇಷನ್ ನಿಗದಿಯಾಗಿದ್ದರೆ ಮಾಡಬೇಕಾದ್ದು ಬಹಳ ಸರಳ. ವಾಸನೆ, ಬಣ್ಣ ಬದಲಾದ ಬಿಳಿಸ್ರಾವ ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಮೊದಲೇ ಹೇಳುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. ಡಾಕ್ಟರ್ ಗಂಡಸಾದರಂತೂ ಮುಗಿಯಿತು. ಬೇಕಾದರೆ ನರ್ಸ್ ಬಳಿ ಹೇಳಿ, ಚೀಟಿಯಲ್ಲಿ ಬರೆದು ಕೊಡಿ. ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಆಪರೇಷನ್ ಆದ ಮೇಲೆ ಜ್ವರ, ಕಿಬ್ಬೊಟ್ಟೆ ನೋವು ಹೆಚ್ಚುತ್ತಾ ಹೋಗುವುದು, ಕೆಟ್ಟ ವಾಸನೆಯ ಅಥವಾ ಕೀವಿನಂಥ ಸ್ರಾವ, ರಕ್ತ ಹೆಚ್ಚು ಹೋಗುವುದು ಕಂಡರೆ ಚೆಕಪ್ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಾಗಾದರೆ ಆಪರೇಷನ್ ಟೇಬಲ್ ಮೇಲೆ ಡಾಕ್ಟರ್ ತೊಳೆಯುವುದೇಕೆ?

ಒಳ್ಳೆಯ ಪ್ರಶ್ನೆ. ಆಪರೇಷನ್‌ಗೆ ಸ್ವಲ್ಪ ಮುನ್ನ ಯೋನಿಯನ್ನು ಪೊವಿಡೋನ್ ಅಯೋಡಿನ್‌ನಂಥ ದ್ರಾವಣದಿಂದ ಶುಚಿ ಮಾಡುತ್ತಾರೆ. ಸಿಸೇರಿಯನ್‌ಗೆ ಮುನ್ನವೂ ಹೀಗೆ ಮಾಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಸಲದ ಕೆಲಸ. ಆ ಒಂದೆರಡು ಗಂಟೆ ಬ್ಯಾಕ್ಟೀರಿಯಾಗಳ ಒಟ್ಟು ಸಂಖ್ಯೆ ಕಡಿಮೆ ಇದ್ದರೆ ಸಾಕು ಎಂಬುದು ಅದರ ಉದ್ದೇಶ. ಜೊತೆಗೆ ಕೊಯ್ಯುವ ಮುನ್ನ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ನನ್ನೂ ಕೊಟ್ಟಿರುತ್ತಾರೆ. ದಿನಾ ಮನೆಯಲ್ಲಿ ತೊಳೆಯುವುದು ಬೇರೆಯೇ ಸಂಗತಿ. ಅದು ಕಾವಲುಗಾರನನ್ನು ದಿನಾ ಓಡಿಸಿ, ಬಾಗಿಲು ತೆರೆದಿಟ್ಟ ಹಾಗೆ. ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು, ಒಳಗೆ ಏನೂ ಬೇಡ.

ಡೋಡರ್‌ಲೈನ್ ಹಾಕಿದ ಸಹಜ, ಅಸಹಜ ಎಂಬ ಗೆರೆಯೂ ಪೂರ್ತಿ ನಿಂತಿಲ್ಲ. 2011ರಲ್ಲಿ ಉತ್ತರ ಅಮೆರಿಕದ 396 ಆರೋಗ್ಯವಂತ ಹೆಂಗಸರ ಬ್ಯಾಕ್ಟೀರಿಯಾಗಳನ್ನು ಜೀನ್ ಪರೀಕ್ಷೆಯಿಂದ ನೋಡಿದಾಗ, ನಾಲ್ಕರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ ಇರಲಿಲ್ಲ, ಆದರೂ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಮಾರುವ ಟೆಸ್ಟ್ ಕಿಟ್ ನೋಡಿ ನಿಮಗೆ ನೀವೇ ರೋಗ ಇದೆ ಎಂದುಕೊಳ್ಳುವ ಅಗತ್ಯವಿಲ್ಲ.

ಬ್ಯಾಕ್ಟೀರಿಯಲ್ ವಜೈನೋಸಿಸ್‌ನ ದೊಡ್ಡ ತಲೆನೋವು ಎಂದರೆ ಮಾತ್ರೆ ತೆಗೆದುಕೊಂಡು ವಾಸಿಯಾದ ಮೇಲೂ ಅದು ಮತ್ತೆ ಮತ್ತೆ ಬರುವುದು. 2020ರಲ್ಲಿ ಅಮೆರಿಕದ ಸಂಶೋಧಕರು ಮೆಟ್ರೊನಿಡಜೋಲ್ ಚಿಕಿತ್ಸೆ ಮುಗಿಸಿದ ಹೆಂಗಸರಿಗೆ ಜೀವಂತ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪಾಟಸ್ ಅನ್ನು ಪುಡಿಯ ರೂಪದಲ್ಲಿ ಯೋನಿಯೊಳಗೆ ಹಾಕಿ ನೋಡಿದರು. 12 ವಾರದಲ್ಲಿ ಅವರಲ್ಲಿ 100ಕ್ಕೆ 30 ಮಂದಿಗೆ ಮತ್ತೆ ಬಂತು, ಬ್ಯಾಕ್ಟೀರಿಯಾ ಇಲ್ಲದ ಪುಡಿ ಹಾಕಿದವರಲ್ಲಿ 45 ಮಂದಿಗೆ. 1892ರಲ್ಲಿ ಡೋಡರ್‌ಲೈನ್ ಮೈಕ್ರೋಸ್ಕೋಪಿನಲ್ಲಿ ಕಂಡ ಕಡ್ಡಿಗಳ ಗುಂಪಿಗೇ ಸೇರಿದ್ದು ಈ ಕ್ರಿಸ್ಪಾಟಸ್. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳು ಇದಲ್ಲ, ಅವುಗಳ ಡಬ್ಬಿಯ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಎಂದು ಬರೆದಿದ್ದರೂ ಜಾತಿ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.